ನಾಲ್ಕು ಸುತ್ತಿನ ಓದು

ಹೊಸದಾಗಿ ಬಿ.ಎ.ಗೆ ಸೇರಿದ ಮಕ್ಕಳಿಗೆ ‘ಕಾಲೇಜಿನಲ್ಲಿ ಓದುವುದು ಹೇಗೆ’ ಅಂತ ಒಂದು ಗಂಟೆ ಮಾತಾಡಿ ಎಂದು ಪ್ರಿನ್ಸಿಪಾಲರು ಹೇಳಿದಾಗ ಒಪ್ಪಿಕೊಂಡೆ. ಅತಿಥಿ ಉಪನ್ಯಾಸಕ ಒಪ್ಪಿಕೊಳ್ಳದೆ ಏನು ಮಾಡುತ್ತಾನೆ. ಸ್ಟಾಫ್ ರೂಮಿನಲ್ಲಿ ಕೂತು ಹೇಳಬೇಕಾದ್ದನ್ನೆಲ್ಲ ಒಂದು ಹಾಳೆಯ ಮೇಲೆ ಬರೆದೆ. ಬರೆದು ನೋಡಿದರೆ ಅದರಲ್ಲಿ ನನ್ನದು ಅನ್ನುವ ಒಂದು ಸಾಲೂ ಇರಲಿಲ್ಲ. ಎಲ್ಲವೂ ಅವಳದು.

ಅವಳ ಹೆಸರು ಬರೆಯುವುದಿಲ್ಲ. ನಾವು ಅವಳನ್ನು ಹೆಸರು ಹಿಡಿದು ಕರೆದವರೂ ಅಲ್ಲ. ಕ್ಲಾಸಿನಲ್ಲಿ ನಮಗೆಲ್ಲ ಹದಿನೆಂಟು, ಹತ್ತೊಂಬತ್ತು. ಅವಳಿಗೆ ಇಪ್ಪತ್ತಾರು. ಮೊದಲ ದಿನವೇ ಅಕ್ಕ ಆಗಿಬಿಟ್ಟಳು. ಹಾಜರಿ ಕರೆಯುವಾಗ ಮೇಷ್ಟ್ರು ಅವಳ ಹೆಸರು ಕೂಗಿದರೆ ಇಡೀ ಕ್ಲಾಸು ಯಾರಪ್ಪಾ ಇದು ಅಂತ ತಿರುಗಿ ನೋಡುತ್ತಿತ್ತು.

ಇಲ್ಲ, ಅದು ಒಂದು ಸಲ ಮಾತ್ರ ಆದದ್ದು. ಒಂದು ಸಲ ಆದದ್ದನ್ನು ದಿನಾ ಆಗುತ್ತಿದ್ದ ಹಾಗೆ ಹೇಳಿದರೆ ಮನುಷ್ಯರು ಚೆನ್ನಾಗಿ ಕಾಣುತ್ತಾರೆ. ಅಕ್ಕನನ್ನು ಚೆನ್ನಾಗಿ ಕಾಣಿಸುವ ಆಸೆ ನನಗೆ ಬಹಳ ಇದೆ. ಅದಕ್ಕೆ ಕಾರಣವೂ ಇದೆ. ಓದುವವರು ಅದನ್ನು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಹೆತ್ತೂರು ಕಡೆಯ ಒಂದು ಎಸ್ಟೇಟಿನಲ್ಲಿ ಕೂಲಿಯವರಿಗೆ ಕಟ್ಟಿಸಿದ ಲೈನ್‌ಮನೆಯಿಂದ ಬರುತ್ತಿದ್ದಳು. ಪಿಯುಸಿ ಮುಗಿಸಿ ಎಂಟು ವರ್ಷ ಅಲ್ಲೇ ಕಾಫಿ ಹಣ್ಣು ಕಿತ್ತವಳು. ಕೊನೆಯ ಎರಡು ವರ್ಷ ಹೆಂಗಸರ ಗುಂಪಿಗೆ ಮೇಸ್ತ್ರಿ. ತಾಯಿಯೂ ಅದೇ ಗುಂಪಿನಲ್ಲಿ ಕೆಲಸ ಮಾಡುತ್ತಿದ್ದರು. ಅವಳ ಬೆರಳ ತುದಿ ವರ್ಷವಿಡೀ ಕಂದು. ಪೆನ್ನನ್ನು ಹೆಬ್ಬೆರಳು ತೋರುಬೆರಳ ನಡುವೆ ಸ್ವಲ್ಪ ತಿರುಚಿ ಹಿಡಿಯುತ್ತಿದ್ದಳು. ಪುಟ ತಿರುವುವಾಗಲೂ ಅದೇ ತಿರುಚು, ಗೊಂಚಲಿನಿಂದ ಒಂದನ್ನೇ ಬಿಡಿಸಿಕೊಂಡ ಹಾಗೆ.

ಈ ವಯಸ್ಸಿನಲ್ಲಿ ಯಾಕೆ ಓದು ಅಂತ ನಸೀಮಾ ಒಂದು ದಿನ ಕೇಳಿಯೇಬಿಟ್ಟಳು. ನಸೀಮಾ ನಮ್ಮ ಮೂವರಲ್ಲಿ ಇನ್ನೊಬ್ಬಳು. ಸಕಲೇಶಪುರ ಪೇಟೆಯವಳು, ಅಪ್ಪನದು ಕಾಫಿ ಸಾಗಿಸುವ ಲಾರಿ. ಬಾಯಿಗೆ ಬಂದದ್ದನ್ನು ಹಿಡಿದಿಟ್ಟು ಗೊತ್ತಿಲ್ಲದ ಹುಡುಗಿ.

“ಮದ್ವೆ ಮಾಡ್ಕೊಳೋದು ಬಿಟ್ಟು ಇದ್ಯಾಕ್ ಬೇಕಿತ್ತಕ್ಕ ನಿಂಗೆ?”

“ವಾರ್ಡನ್ ಆಗ್ಬೇಕು ಕಣೇ,” ಅಂದಳು ಅಕ್ಕ.

ಪಿಯುಸಿಯಲ್ಲಿ ಎರಡು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದಳಂತೆ. ವಾರ್ಡನ್ನಿಗೆ ಅಂತ ಒಂದು ರೂಮು. ರೂಮಿನಲ್ಲಿ ಒಂದು ಮೇಜು, ಬಾಗಿಲಿಗೆ ಒಳಗಿಂದ ಹಾಕಿಕೊಳ್ಳುವ ಚಿಲಕ. ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಮನೆಯಲ್ಲಿ ಬೆಳೆದವಳಿಗೆ ಆ ಚಿಲಕ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. “ನಂದೇ ಒಂದು ಬಾಗ್ಲು ಇರ್ಬೇಕು. ಹೊರಗೆ ಹುಡ್ಗೀರು ಓದ್ತಾ ಇರ್ಬೇಕು. ಯಾವಳೂ ಅರ್ಧಕ್ಕೆ ಬಿಟ್ಟು ಹೋಗ್ದಂಗೆ ನಾನು ನೋಡ್ಕಬೇಕು.” ಆ ಕೆಲಸಕ್ಕೆ ಅರ್ಜಿ ಹಾಕುವುದಕ್ಕೇ ಡಿಗ್ರಿ ಬೇಕಿತ್ತು, ವಯಸ್ಸಿನ ಮಿತಿಯೂ ಇತ್ತು. ಆ ವಯಸ್ಸು ದಾಟುವುದರೊಳಗೆ ಒಂದು ಡಿಗ್ರಿ. ಅವಳು ಕೇಳಿದ್ದು ಅಷ್ಟೇ.

ನಾನು ಆಲೂರಿನ ಹತ್ತಿರದ ಹಳ್ಳಿಯವನು. ಟೆಸ್ಟಿಗೆ ಎರಡು ದಿನ ಇರುವಾಗ ಪುಸ್ತಕ ತೆಗೆದು ಎಲ್ಲ ಸಾಲಿನ ಕೆಳಗೂ ಗೆರೆ ಎಳೆದು ಗಟ್ಟಿಯಾಗಿ ಕೂಗಿ ಬಾಯಿಪಾಠ ಮಾಡುವ ಜಾತಿ. ಅಕ್ಕ ಒಂದು ದಿನ ನನ್ನ ಪುಸ್ತಕ ಕೈಗೆ ತೆಗೆದುಕೊಂಡಳು.

“ಏನೋ ಇದು, ಒಂದು ಸಾಲೂ ಬಿಡದಂಗೆ ಗೆರೆ ಎಳ್ದಿದ್ದೀಯ. ಇದ್ರಲ್ಲಿ ಅರ್ಥ ಆಗಿರೋದು ಯಾವ್ದು?”

“ಅರ್ಥ ಆಮೇಲೆ ಅಕ್ಕ. ಟೆಸ್ಟು ನಾಡಿದ್ದೈತೆ.”

“ಮೊದ್ಲ ಸುತ್ತಿಗೇ ಸ್ಟ್ರಿಪ್ಪಿಂಗಾ? ಕಾಯಿ ಕಿತ್ತು ಚೀಲ ತುಂಬುಸ್ಬೋದು ಕಣೋ, ಕಾಫಿ ಆಗಾಕಿಲ್ಲ.”

ಕಾಫಿ ಗಿಡದಲ್ಲಿ ಹಣ್ಣು ಒಟ್ಟಿಗೇ ಆಗುವುದಿಲ್ಲ. ಒಂದೇ ಗೊಂಚಲಿನಲ್ಲಿ ಎರಡು ಕೆಂಪು, ಮೂರು ಹಳದಿ, ಉಳಿದದ್ದು ಹಸಿರು. ಅದಕ್ಕೇ ಸುತ್ತು. ಮೊದಲ ಸುತ್ತಿನಲ್ಲಿ ಕೆಂಪಾದದ್ದು ಮಾತ್ರ, ಹಸಿರು ಕಾಯಿಗೆ ಕೈ ತಾಗಿಸುವ ಹಾಗಿಲ್ಲ. ಹದಿನೈದು ದಿನ ಬಿಟ್ಟು ಎರಡನೇ ಸುತ್ತು. ಮೂರನೆಯದು ಸ್ಟ್ರಿಪ್ಪಿಂಗ್, ಅಂದರೆ ಬಣ್ಣ ನೋಡದೆ ಗಿಡದ ಮೇಲಿರುವುದನ್ನೆಲ್ಲ ಬೋಳಿಸುವುದು. ನಾಲ್ಕನೆಯದು ನೆಲಕ್ಕೆ ಉದುರಿದ್ದನ್ನು ಬಗ್ಗಿ ಆಯುವುದು. ಅಕ್ಕ ಪುಸ್ತಕವನ್ನೂ ಹೀಗೇ ಓದುತ್ತಿದ್ದಳು. ಮೊದಲ ಸುತ್ತಿನಲ್ಲಿ ಅರ್ಥವಾದದ್ದನ್ನು ಮಾತ್ರ ತನ್ನ ಮಾತಿನಲ್ಲಿ ಬರೆದುಕೊಳ್ಳುವುದು. ಆಗದ ಕಡೆ ಪೆನ್ಸಿಲಿನಲ್ಲಿ ಒಂದು ಖಾಲಿ ಸೊನ್ನೆ ಹಾಕಿ ಮುಂದೆ ಹೋಗುವುದು. ಎರಡನೇ ಸುತ್ತಿನಲ್ಲಿ ಅದು ಅರ್ಥವಾದರೆ ಆ ಸೊನ್ನೆಯನ್ನು ತುಂಬಿ ಕಪ್ಪು ಮಾಡುವುದು. ಮೂರನೆಯದರಲ್ಲಿ ಉಳಿದದ್ದನ್ನೆಲ್ಲ ಬಿಡದೆ ಮುಗಿಸುವುದು, ನಾಲ್ಕನೆಯದರಲ್ಲಿ ಮರೆತು ಉದುರಿದ್ದನ್ನು ಆಯ್ದುಕೊಳ್ಳುವುದು.

“ಬಿಟ್ರೆ ಅದು ಹಂಗೇ ಇರ್ತದಲ್ಲಕ್ಕ?”

“ಪುಸ್ತಕ ಮುಚ್ಚಿಟ್ರೂ ಒಳಗೆ ಹಣ್ಣಾಯ್ತಾ ಇರ್ತದೆ ಮಾರಾಯ. ಹದಿನೈದು ದಿನ ಬುಟ್ಟು ಹೋಗಿ ನೋಡು.”

ಮೊನ್ನೆ ಈ ಮಾತನ್ನು ನಸೀಮಾಳಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳೀಗ ಹಾಸನದಲ್ಲಿ ಹೈಸ್ಕೂಲು ಟೀಚರು.

“ಒಳಗೆ ಹಣ್ಣಾಯ್ತದೆ ಅಂತ ಅಕ್ಕ ಯಾವಾಗ ಹೇಳಿದ್ಲೋ? ‘ಆಮೇಲೆ ಇನ್ನೊಂದ್ಸಲ ನೋಡು’ ಅಂತಿದ್ಲು, ಅಷ್ಟೇ. ಸತ್ತೋರ್ ಬಗ್ಗೆ ಬರ್ದಂಗೆ ಬರೀತಾ ಇದ್ದೀಯ ನೀನು.”

“ಅವಳು ಸತ್ತಿಲ್ಲ.”

“ಗೊತ್ತಾ ನಿಂಗೆ?”

ಗೊತ್ತಿಲ್ಲ.

ಹೆತ್ತೂರಿನಿಂದ ಸಕಲೇಶಪುರಕ್ಕೆ ಬಸ್ಸಿನಲ್ಲಿ ಬರುವಾಗ ಆ ತಿರುವುಗಳಲ್ಲಿ ಪುಸ್ತಕ ಬಿಚ್ಚಿದರೆ ವಾಂತಿ ಬರುತ್ತದೆ. ಅದಕ್ಕೆ ಅಕ್ಕ ಒಂದು ಚೀಟಿಯಲ್ಲಿ ಪ್ರಶ್ನೆಗಳನ್ನಷ್ಟೇ ಬರೆದು ಅಂಗೈಯಲ್ಲಿ ಮಡಚಿಟ್ಟುಕೊಳ್ಳುತ್ತಿದ್ದಳು. ಬಸ್ಸು ಒಂದು ಸ್ಟಾಪಿನಲ್ಲಿ ನಿಂತಾಗ ಒಂದು ಪ್ರಶ್ನೆ ನೋಡುವುದು. ಮುಂದಿನ ಸ್ಟಾಪು ಬರುವವರೆಗೆ ಕಿಟಕಿ ಕಡೆ ತಿರುಗಿ ತುಟಿ ಅಲ್ಲಾಡಿಸುತ್ತಾ ಉತ್ತರ ಹೇಳಿಕೊಳ್ಳುವುದು. ಸ್ಟಾಪು ಬರುವುದರೊಳಗೆ ಮುಗಿಯದಿದ್ದರೆ ಉತ್ತರ ಉದ್ದವಾಯಿತು ಎಂದು ಲೆಕ್ಕ. ಕಂಡಕ್ಟರಿಗೂ ಇದು ಗೊತ್ತಿತ್ತು. “ಏನ್ರಮ್ಮಾ, ಎಲ್ಲೀಗಂಟ ಬಂತು ಪಂಚವಾರ್ಷಿಕ ಯೋಜ್ನೆ? ಡ್ರೈವರ್‌ಗೆ ಸ್ವಲ್ಪ ನಿಧಾನ ಓಡ್ಸು ಅನ್ಲಾ?” ಎಂದು ರೇಗಿಸುತ್ತಿದ್ದನಂತೆ. ಅಕ್ಕ ಕಿಟಕಿ ಕಡೆಯಿಂದ ಮುಖ ತಿರುಗಿಸದೆ, “ನೀವು ಟಿಕೆಟ್ ಹರೀರಿ ಕಣ್ರೀ” ಅನ್ನುತ್ತಿದ್ದಳಂತೆ. ನಾನು ಆ ಬಸ್ಸಿನಲ್ಲಿ ಅವಳ ಜೊತೆ ಒಮ್ಮೆಯೂ ಕೂತವನಲ್ಲ. ಆದರೂ ಆ ಕಿಟಕಿಯ ಮಂಜು, ಅದರ ಮೇಲೆ ಅವಳ ಉಸಿರಿನ ಗುರುತು ನನಗೆ ಕಾಣುತ್ತದೆ. ಇದನ್ನೆಲ್ಲ ಯಾರು ನನಗೆ ಹೇಳಿದರು, ಎಷ್ಟನ್ನು ನಾನೇ ಸೇರಿಸಿಕೊಂಡೆ, ಈಗ ಬಿಡಿಸಲು ಆಗುವುದಿಲ್ಲ.

ಕಣ್ಣಾರೆ ಕಂಡದ್ದು ನಾಲ್ಕು ಗಂಟೆಯದು. ಎಸ್ಟೇಟಿನಲ್ಲಿ ನಾಲ್ಕಕ್ಕೆ ಕೆಲಸ ನಿಲ್ಲಿಸಿ ಎಲ್ಲರೂ ಚೀಲ ತಂದು ನೆಲಕ್ಕೆ ಹಾಸಿದ ಗೋಣಿತಾಟಿನ ಮೇಲೆ ಸುರಿಯುತ್ತಾರೆ. ಕಾಯಿ, ಎಲೆ, ಕಡ್ಡಿ ಆರಿಸಿ ತೆಗೆದ ಮೇಲೆ ತೂಕ. ಅಕ್ಕನ ಬಸ್ಸು ನಾಲ್ಕೂವರೆಗೆ. ನಾಲ್ಕಕ್ಕೆ ಲೈಬ್ರರಿ ಹಿಂದಿನ ಮೆಟ್ಟಿಲ ಮೇಲೆ ನಮ್ಮಿಬ್ಬರನ್ನೂ ಕೂರಿಸಿ, “ಪುಸ್ತಕ ಮುಚ್ಚಿ. ಸುರೀರಿ” ಅನ್ನುತ್ತಿದ್ದಳು. ಅವತ್ತು ಕ್ಲಾಸಿನಲ್ಲಿ ಕೇಳಿದ್ದನ್ನು ಪುಸ್ತಕ ನೋಡದೆ ಹೇಳಬೇಕು. ನಸೀಮಾ ಸರಾಗವಾಗಿ ಹತ್ತು ನಿಮಿಷ ಮಾತಾಡುತ್ತಿದ್ದಳು. ಅಕ್ಕ ಕೊನೆಗೆ, “ಚೀಲ ದೊಡ್ಡದಾಗೈತೆ ಕಣೇ. ಎಲೆ ಆರುಸ್ಬುಟ್ರೆ ಎರಡು ಬೊಗ್ಸೆ ಹಣ್ಣು ಸಿಗ್ಬೋದು.” ನನ್ನ ಸರದಿ ಬಂದಾಗ ನಾನು ಎರಡು ವಾಕ್ಯ ಹೇಳಿ ನಿಲ್ಲುತ್ತಿದ್ದೆ.

“ನಿಂದು ಎಡಕುಮೇರಿ ಸ್ಟೇಷನ್ನು. ಸುತ್ತ ಕಾಡು. ರೈಲು ಯಾಕೆ ನಿಂತ್ಕಂತು ಅಂತ ಯಾರಿಗೂ ಗೊತ್ತಾಗಾಕಿಲ್ಲ.”

“ಸಿಗ್ನಲ್ ಬೀಳ್ಳಿಲ್ಲ ಅಕ್ಕ.”

“ಇಳ್ದು ತಳ್ಳೋ ಹಂಗಾದ್ರೆ.”

ನಗುತ್ತಿದ್ದೆವು. ಆ ನಗು ನನಗೆ ಎಷ್ಟು ಗಟ್ಟಿಯಾಗಿ ನೆನಪಿದೆಯೆಂದರೆ ಅದರ ಮೇಲೂ ಅನುಮಾನ ಬರುತ್ತದೆ. ಅಂಕಪಟ್ಟಿಯ ಮೇಲೆ ಮಾತ್ರ ಅನುಮಾನವಿಲ್ಲ. ನಸೀಮಾಳಿಗೆ ಡಿಸ್ಟಿಂಕ್ಷನ್ ಬಂತು, ನನಗೆ ಫಸ್ಟ್ ಕ್ಲಾಸ್. ನಾಲ್ಕು ಸುತ್ತು ಓದಿಯೇ ಬಂದದ್ದು.

ಅಕ್ಕ ಐದು ಸೆಮಿಸ್ಟರಿನ ಎಲ್ಲ ಪೇಪರೂ ಒಂದೇ ಸಲಕ್ಕೆ ಮುಗಿಸಿದ್ದಳು. ಆರನೆಯದರಲ್ಲಿ ಅರ್ಥಶಾಸ್ತ್ರ ಒಂದು ಉಳಿಯಿತು. ಪರೀಕ್ಷೆಯ ಬೆಳಿಗ್ಗೆ ಮಳೆಗೆ ಹೆತ್ತೂರು ರಸ್ತೆಯ ಮೇಲೆ ಮರದ ಜೊತೆ ಗುಡ್ಡದ ಮಣ್ಣೂ ಕುಸಿದು ಬಸ್ಸು ಹೊರಡಲೇ ಇಲ್ಲ. ಅವಳು ನಡೆದು, ಯಾವುದೋ ಜೀಪು ಹತ್ತಿ, ಮತ್ತೆ ನಡೆದು ಬಂದಾಗ ಒಳಗೆ ಬಿಡುವ ಹೊತ್ತು ಮುಗಿದಿತ್ತು. ಒದ್ದೆ ಬಟ್ಟೆಯಲ್ಲಿ ಗೇಟಿನ ಹತ್ತಿರ ನಿಂತು ನಾವು ಹೊರಗೆ ಬರುವವರೆಗೆ ಕಾದಳು. ಬಂದ ಕೂಡಲೆ ಕೇಳಿದ್ದು, “ಪೇಪರ್ ಕೊಡ್ರೋ, ನೋಡನ.” ಗೇಟಿನ ಕಂಬಕ್ಕೆ ಒರಗಿ ಪ್ರಶ್ನೆಗಳನ್ನು ಓದಿ, “ಬಂದಿದ್ರೆ ಎಲ್ಲಾ ಬರೀತಿದ್ದೆ” ಅಂದಳು. ಅಷ್ಟೇ ಅಂದಳು.

ಮರುವರ್ಷ ಆ ಪೇಪರಿಗೆ ಮತ್ತೆ ಕೂತಳು. ತಾಯಿ ತೋಟದ ಇಳಿಜಾರಿನಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರಿಂದ ಎರಡು ಸುತ್ತಷ್ಟೇ ಓದಲು ಆಗಿತ್ತು. ಮೂರು ಅಂಕಕ್ಕೆ ಹೋಯಿತು. ಅದರ ಮರುವರ್ಷ ತಾಯಿಯ ಆರೈಕೆಯಲ್ಲಿ ಪರೀಕ್ಷೆಗೇ ಬರಲಿಲ್ಲ. ಮೂರು ವರ್ಷದ ಡಿಗ್ರಿಯನ್ನು ಆರು ವರ್ಷದೊಳಗೆ ಮುಗಿಸಬೇಕೆಂಬ ನಿಯಮ. ಆರನೆಯ ವರ್ಷದ ಪರೀಕ್ಷೆಯೇ ಕೊನೆಯದು.

ಆ ಆರನೆಯ ವರ್ಷ ನಾನು ಎಂ.ಎ. ಮುಗಿಸಿ ಇದೇ ಕಾಲೇಜಿಗೆ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕನಾಗಿ ಬಂದಿದ್ದೆ. ಅಷ್ಟರಲ್ಲಿ ಪಠ್ಯಕ್ರಮ ಬದಲಾಗಿತ್ತು. ಪೇಪರಿನ ಹೆಸರು ಅದೇ, ಒಳಗಿನ ಪಾಠಗಳೆಲ್ಲ ಬೇರೆ. ನಾನು ಪಾಠ ಮಾಡುತ್ತಿದ್ದದ್ದು ಹೊಸದನ್ನು. ಅಕ್ಕ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ನನ್ನ ಶರ್ಟು, ಬೂಟು, ಕೈಯಲ್ಲಿನ ಬ್ಯಾಗು ಎಲ್ಲ ಮೇಲಿಂದ ಕೆಳಗೆ ನೋಡಿ, “ಏನ್ ಸಾರ್, ಸಿಗ್ನಲ್ ಬಿತ್ತಾ?” ಅಂದಳು. ಆಮೇಲೆ ಕೇಳಿದಳು.

“ಪುಸ್ತಕ ಬದ್ಲಾಗೈತಂತಲ್ಲೋ. ನಾನು ಯಾವ್ದು ಓದ್ಬೇಕು?”

ನಾನು ಏನು ಹೇಳಿದೆ?

ಒಂದು ನೆನಪಿನಲ್ಲಿ, “ಹೊಸದೇ ಅಕ್ಕ, ಈಗ ಎಲ್ಲಾರ್ಗೂ ಒಂದೇ.” ಇನ್ನೊಂದರಲ್ಲಿ, “ಹೊಸದೇ ಇರ್ಬೇಕು, ಯಾವ್ದಕ್ಕೂ ಆಫೀಸಲ್ಲಿ ಒಂದ್ಮಾತು ಕೇಳ್ಬುಡು.” ಮೂರನೆಯದರಲ್ಲಿ ಅವಳೇ ಹೊಸದು ಅಂತ ನಿರ್ಧಾರ ಮಾಡಿಕೊಂಡು ಬಂದಿದ್ದಾಳೆ, ನಾನು ಪುಸ್ತಕ ಕೊಡುತ್ತೇನೆ, ಅಷ್ಟೇ. ಮೂರರಲ್ಲೂ ಮಳೆ ಬರುತ್ತಿದೆ. ನನ್ನ ತಪ್ಪು ಕಡಿಮೆಯಾದಷ್ಟೂ ಮಳೆ ಜೋರಾಗುತ್ತದೆ. ಮೂರನೆಯದರಲ್ಲಂತೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಷ್ಟು ಜೋರು. ಅದು ಫೆಬ್ರವರಿ ತಿಂಗಳು. ಫೆಬ್ರವರಿಯಲ್ಲಿ ಸಕಲೇಶಪುರದಲ್ಲೂ ಅಂಥ ಮಳೆ ಹುಯ್ಯುವುದಿಲ್ಲ.

ನನ್ನ ಬ್ಯಾಗಿನಿಂದ ಹೊಸ ಪುಸ್ತಕ ತೆಗೆದು ಕೊಟ್ಟದ್ದು ಮಾತ್ರ ನಿಜ. ಪುಸ್ತಕ ಈಗಲೂ ನನ್ನ ಹತ್ತಿರ ಇದೆ.

ಎರಡು ತಿಂಗಳು ಕಳೆದು ಅಕ್ಕ ಮತ್ತೆ ಅದೇ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಈ ಭೇಟಿ ನನಗೆ ಸ್ಪಷ್ಟವಾಗಿ ನೆನಪಿದೆ. ಇದರಲ್ಲಿ ನನಗೆ ಅನುಕೂಲವಾದದ್ದು ಏನೂ ಇಲ್ಲವಾದ್ದರಿಂದ ಇದನ್ನು ನಂಬುತ್ತೇನೆ.

ಅವಳ ನೋಟ್ಸೆಲ್ಲ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ. ಲೈನ್‌ಮನೆಗಳಲ್ಲಿ ವರ್ಷ ಮುಗಿದ ಕ್ಯಾಲೆಂಡರನ್ನು ಯಾರೂ ಎಸೆಯುತ್ತಿರಲಿಲ್ಲ, ಅಕ್ಕನಿಗೆ ಕೊಡುತ್ತಿದ್ದರು. ನಾಲ್ಕು ವರ್ಷದಿಂದ ಅದೇ ಒಂದು ಪೇಪರನ್ನು ಸುತ್ತಿ ಸುತ್ತಿ ಓದಿದ್ದಳಲ್ಲ, ಹಳೆಯ ಪಠ್ಯದಲ್ಲಿ ಖಾಲಿ ಸೊನ್ನೆ ಒಂದೋ ಎರಡೋ ಉಳಿದಿದ್ದಿರಬೇಕು. “ಆ ಕ್ಯಾಲೆಂಡರ್ ಹಾಳೆಗಳು ಜೋಪಾನ ಅಕ್ಕ, ಮುಂದೆ ನನ್ನ ಸ್ಟೂಡೆಂಟ್ಸಿಗೆ ತೋರಿಸ್ಬೇಕು” ಅಂದೆ.

“ಅವೆಲ್ಲಿದ್ದಾವೆ? ಬಚ್ಚಲೊಲೆಗೆ ಹಾಕ್ಬುಟ್ಟೆ.”

“ಯಾಕಕ್ಕ?”

“ಕೊನೇ ಸುತ್ತಾದ್ಮೇಲೆ ಗಿಡದಲ್ಲಿ ಒಂದು ಕಾಯಿ ಬಿಟ್ರೂ ಕೊರಕದ ಹುಳ ಅದ್ರಲ್ಲೇ ಕೂತ್ಕಂಡು ಮುಂದಿನ್ ಫಸಲಿಗೂ ಹತ್ತುತ್ತೆ. ಹಳೇ ಪಾಠ ತಲೇಲಿಟ್ಕಂಡು ಹೊಸಾದು ಓದಿದ್ರೆ ಎರಡೂ ಕಲಸ್ಕಂಡ್ಬುಡ್ತದೆ. ಅದುಕ್ಕೆ ಬೋಳಿಸ್ಬುಟ್ಟೆ. ಅದರಲ್ಲಿದ್ದದ್ದು ನೆನಪಿಗೆ ಬಂದ್ರೂ ‘ಹೋಗಾಚೆ’ ಅಂತ ಓಡುಸ್ತೀನಿ.”

ಕಾಫಿ ತೋಟ ಕಂಡವರಿಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಒಂದು ಕಾಯಿ ಉಳಿಯದ ಹಾಗೆ ಬೋಳಿಸುವುದೇ ಒಳ್ಳೆಯ ಮೇಸ್ತ್ರಿಯ ಲಕ್ಷಣ. ನಾನು ಭಲೇ ಅಂದೆ. ನಿಜವಾಗಿಯೂ ಭಲೇ ಅಂದೆ. ಈ ಉಪಾಯವನ್ನು ನನ್ನ ವಿದ್ಯಾರ್ಥಿಗಳಿಗೂ ಹೇಳುತ್ತೇನೆ ಅಂತಲೂ ಅಂದೆ.

ಪರೀಕ್ಷೆಯ ಹಿಂದಿನ ವಾರ ಕಾಲೇಜಿಗೆ ಬಂದು ಹಾಲ್ ಟಿಕೆಟ್ ತೆಗೆದುಕೊಂಡಳು. ನನ್ನ ಕೈಗೆ ಕೊಟ್ಟು, “ಎಲ್ಲಾ ಸರಿಯಾಗೈತಾ ನೋಡೋ, ಇದೊಂದ್ಸಲ ಏನೂ ಎಡವಟ್ಟಾಗ್ಬಾರ್ದು” ಅಂದಳು. ನೋಡಿದೆ. ನಾನು ನೋಡಿದ್ದು ಫೋಟೋ. “ಏನಕ್ಕ, ಫೋಟೋದಲ್ಲಿ ಪೋಲೀಸ್ ಸ್ಟೇಷನ್‌ಗೆ ಕಂಪ್ಲೇಂಟ್ ಕೊಡೋಕೆ ಬಂದಂಗಿದ್ದೀಯ” ಅಂತ ರೇಗಿಸಿ ವಾಪಸ್ಸು ಕೊಟ್ಟೆ. ಫೋಟೋದ ಕೆಳಗೆ ಪೇಪರಿನ ಸಂಖ್ಯೆ ಅಚ್ಚಾಗಿತ್ತು. ಹಳೆಯ ಪಠ್ಯದ ಸಂಖ್ಯೆ. ಅದನ್ನು ನೋಡಿದ್ದರೆ ನನಗೆ ಗೊತ್ತಾಗುತ್ತಿತ್ತು. ಆ ಹೊತ್ತಿನಲ್ಲಿ ಅಲ್ಲಿ ಬೇರೆ ಯಾರೂ ಇರಲಿಲ್ಲ. ನಸೀಮಾಳಿಗೂ ಇದನ್ನು ಈವರೆಗೆ ಹೇಳಿಲ್ಲ.

ಪರೀಕ್ಷೆಯ ದಿನ ನಾನು ಮೇಲ್ವಿಚಾರಕ, ಹೊಸ ಪಠ್ಯದವರ ಕೋಣೆಯಲ್ಲಿ. ಅಕ್ಕ ಇನ್ನೊಂದು ಕೋಣೆಯಲ್ಲಿ. ಬೇರೆ ಕೋಣೆ ಯಾಕೆ ಅಂತ ಆಗಲೂ ಹೊಳೆಯಲಿಲ್ಲ. ನನ್ನ ಕೋಣೆಯ ಪ್ರಶ್ನೆಪತ್ರಿಕೆ ಬಿಚ್ಚಿ ನೋಡಿ ಖುಷಿಯಾಯಿತು. ಅಕ್ಕನಿಗೆ ಬರದ ಪ್ರಶ್ನೆ ಒಂದೂ ಇರಲಿಲ್ಲ. ಮೂರು ಗಂಟೆಯ ಹೊತ್ತು ಬೆಂಚುಗಳ ನಡುವೆ ಓಡಾಡುತ್ತಾ ಅವಳ ಪರವಾಗಿ ನಾನೇ ಒಂದೊಂದಕ್ಕೂ ಉತ್ತರ ಹೇಳಿಕೊಂಡೆ.

ಗಂಟೆ ಹೊಡೆದ ಮೇಲೆ ವರಾಂಡದಲ್ಲಿ ಅವಳು ನಿಧಾನವಾಗಿ ನಡೆದು ಬಂದಳು. ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಪ್ರಶ್ನೆಪತ್ರಿಕೆ.

“ಸುಲಭ ಇತ್ತಲ್ಲ ಅಕ್ಕ!”

ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟಳು. ಮೊದಲ ಪ್ರಶ್ನೆ ಓದಿದೆ. ಎರಡನೆಯದು ಓದಿದೆ. ನಾವು ಮೂವರೂ ಲೈಬ್ರರಿ ಮೆಟ್ಟಿಲ ಮೇಲೆ ಸುರಿದು ಆರಿಸಿದ್ದ ಪಾಠಗಳು. ನನಗೆ ಅವು ಆಗಲೂ ಬರುತ್ತಿದ್ದವು.

“ಎಲ್ಲಾ ಪರಿಚಯದವೇ ಕಣೋ,” ಅಂದಳು. “ಮುಖ ಗೊತ್ತು. ಹೆಸ್ರು ಬಾಯಿಗೆ ಬರ್ಲಿಲ್ಲ. ನಾನೇ ಓಡ್ಸಿದ್ನಲ್ಲ. ಕರೆದ್ರೂ ಬರ್ಲಿಲ್ಲ.”

ಅವಳನ್ನು ಅಲ್ಲೇ ಬಿಟ್ಟು ಆಫೀಸಿಗೆ ಓಡಿದೆ. ಗುಮಾಸ್ತರು ಕಾಗದ ಜೋಡಿಸುತ್ತಾ ತಲೆ ಎತ್ತಲಿಲ್ಲ. “ಅವ್ರು ರಿಪೀಟರ್ ಅಲ್ವಾ ಸಾರ್? ಅವ್ರಿಗೆ ಹಳೇ ಪಠ್ಯದ್ದೇ ಪೇಪರು. ಬೋರ್ಡಿಗೆ ಹಾಕಿದ್ವಲ್ಲ.” ಬೋರ್ಡಿನ ಹತ್ತಿರ ಹೋದೆ. ಕ್ರೀಡಾಕೂಟದ ನೋಟೀಸನ್ನು ಎತ್ತಿದರೆ ಅದರ ಕೆಳಗೆ ಇತ್ತು. ಆ ಬೋರ್ಡಿನ ಮುಂದೆ ನಾನು ದಿನಕ್ಕೆ ಆರು ಸಲ ಓಡಾಡುತ್ತಿದ್ದೆ. ವಾಪಸ್ಸು ಬರುವಷ್ಟರಲ್ಲಿ ನಾಲ್ಕೂವರೆಯ ಬಸ್ಸು ಹೋಗಿತ್ತು, ಅವಳೂ ಹೋಗಿದ್ದಳು.

ಫಲಿತಾಂಶ ಬಂತು. ಅದನ್ನು ಬರೆಯುವ ಅಗತ್ಯವಿಲ್ಲ.

ಡಿಸೆಂಬರಿನಲ್ಲಿ ಅವಳ ಎಸ್ಟೇಟಿಗೆ ಹೋದೆ. ಆಗಲೇ ಮೊದಲ ಸಲ ಆ ಬಸ್ಸಿನಲ್ಲಿ ಕೂತದ್ದು. ಪ್ರತಿ ಸ್ಟಾಪಿನಲ್ಲೂ, ಬಸ್ಸು ಹೊರಟು ಮುಂದಿನ ಸ್ಟಾಪು ಬರುವುದರೊಳಗೆ, ಏನು ಹೇಳಬೇಕೆಂದು ಹೇಳಿಕೊಂಡೆ. ಯಾವ ಸ್ಟಾಪಿಗೂ ಮುಗಿಯಲಿಲ್ಲ.

ಮೊದಲ ಸುತ್ತು ನಡೆಯುತ್ತಿತ್ತು. ಅಕ್ಕ ಹತ್ತು ಹೆಂಗಸರ ಹಿಂದೆ ನಿಂತು ಸಾಲು ನೋಡುತ್ತಿದ್ದಳು. ಸೊಂಟಕ್ಕೆ ಗೋಣಿ ಕಟ್ಟಿದ್ದಳು, ತಲೆಗೆ ಹಳೆಯ ಗಂಡಸರ ಶರ್ಟು ಸುತ್ತಿದ್ದಳು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ.

“ಕಾಯಿ ಬರ್ತಾ ಐತೆ ಕಣಮ್ಮ, ನೋಡಿ ಕೀಳು,” ಎಂದು ಯಾರಿಗೋ ಕೂಗಿ ನನ್ನ ಕಡೆ ತಿರುಗಿದಳು. “ಬೂಟಲ್ಲಿ ಈ ಇಳಿಜಾರಿಗೆ ಯಾಕೋ ಬಂದೆ? ಬಿದ್ಗಿದ್ದೀಯ.”

“ಅಕ್ಕ, ಅವತ್ತು ಬಸ್‌ಸ್ಟ್ಯಾಂಡಲ್ಲಿ ನಾನು ಹೊಸಾ ಪುಸ್ತಕ ಅಂತ ಹೇಳಿದ್ನಲ್ಲ...”

“ನೀನೇನ್ ಹೇಳಿದ್ದೋ ನಂಗೆ ನೆನಪಿಲ್ಲ ಮಾರಾಯ.”

“ಹಾಲ್ ಟಿಕೆಟ್ಟೂ ನಂಗೆ ತೋರ್ಸಿದ್ದೆ.”

“ನೆನಪಿಲ್ಲ ಅಂದ್ನಲ್ಲ. ಆ ಕಡೆ ಬಾ, ಹೆಗಲು ತಾಗಿ ಹಣ್ಣು ಉದುರ್ತಾ ಐತೆ.”

ಮೂರು ವರ್ಷದ ಹಿಂದಿನ ಪಾಠದ ಮೂರನೇ ಸಾಲನ್ನು ಬಸ್ಸಿನ ಕಿಟಕಿಗೆ ಒಪ್ಪಿಸುತ್ತಿದ್ದವಳಿಗೆ ಹತ್ತು ತಿಂಗಳ ಹಿಂದಿನ ಒಂದು ಮಾತು ನೆನಪಿಲ್ಲ. ನನ್ನ ಮೇಲಿನ ಕರುಣೆಗೆ ಹಾಗೆ ಹೇಳಿದಳೋ, ನನ್ನ ಮುಖ ನೋಡುವುದೇ ಬೇಡವಾಗಿ ಹೇಳಿದಳೋ, ಅಥವಾ ಕ್ಯಾಲೆಂಡರ್ ಹಾಳೆಗಳ ಹಾಗೆ ಅದನ್ನೂ ನಿಜವಾಗಿಯೇ ಒಲೆಗೆ ಹಾಕಿದ್ದಳೋ. ಕೇಳಲು ಧೈರ್ಯವಾಗಲಿಲ್ಲ. ಲೈನ್‌ಮನೆಗೆ ಹೋಗಿ ನನ್ನ ಪುಸ್ತಕ ತಂದು ಕೊಟ್ಟಳು. ಕ್ಯಾಲೆಂಡರ್ ಹಾಳೆಯ ಬೈಂಡು ಹಾಕಿದ್ದಳು, ಚಿತ್ರ ಒಳಗಾಗಿ ಬಿಳಿ ಬದಿ ಹೊರಗೆ ಕಾಣುವ ಹಾಗೆ. “ಬೇರೆ ಯಾರಿಗಾದ್ರೂ ಆಗ್ತದೆ,” ಅಂದಳು. ತಾಯಿ ಬಾಗಿಲಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು.

ಪುಸ್ತಕವನ್ನು ಬಸ್ಸಿನಲ್ಲಿ ಬಿಚ್ಚಿದೆ. ಮೊದಲ ಪುಟದಿಂದ ಕೊನೆಯವರೆಗೆ ಅಂಚಿನಲ್ಲಿ ಪೆನ್ಸಿಲಿನ ಸೊನ್ನೆಗಳಿದ್ದವು. ಒಂದೂ ಖಾಲಿ ಇರಲಿಲ್ಲ. ಎಲ್ಲವನ್ನೂ ತುಂಬಿ ಕಪ್ಪು ಮಾಡಿದ್ದಳು. ನಾಲ್ಕೇ ತಿಂಗಳಲ್ಲಿ, ತನಗೆ ಸಂಬಂಧವೇ ಇಲ್ಲದ ಒಂದು ಪುಸ್ತಕವನ್ನು ನಾಲ್ಕು ಸುತ್ತೂ ಮುಗಿಸಿದ್ದಳು. ತಿರುವುಗಳಲ್ಲಿ ಓದಿದ್ದಕ್ಕೆ ವಾಂತಿ ಬಂತು. ಇಳಿದು ರಸ್ತೆಯ ಬದಿಯಲ್ಲಿ ಕೂತೆ.

ಮಾರನೆಯ ವರ್ಷ ಆ ಎಸ್ಟೇಟು ಬೇರೆಯವರ ಕೈಗೆ ಹೋಗಿ ಲೈನ್ ಖಾಲಿಯಾಯಿತು. ಅಕ್ಕ ತಾಯಿಯನ್ನು ಕರೆದುಕೊಂಡು ಕೊಡಗಿನ ಕಡೆ ಹೋದಳು ಅಂತ ಕಂಡಕ್ಟರು, ಚಿಕ್ಕಮಗಳೂರಿನ ಕಡೆ ಅಂತ ನಸೀಮಾ. ಅವಳ ನಂಬರಿಗೆ ಫೋನ್ ಮಾಡಿದರೆ ಯಾವನೋ ಗಾರೆ ಕೆಲಸದವನು ತೆಗೆಯುತ್ತಾನೆ. ಅವಳು ಹೇಳುತ್ತಿದ್ದ ವಯಸ್ಸಿನ ಮಿತಿ ಈಗ ದಾಟಿರಬೇಕು. ಈಗಲೂ ಆ ಪುಸ್ತಕ ನೋಡಿಕೊಂಡೇ ಪಾಠ ಮಾಡುತ್ತೇನೆ. “ಸಾರ್, ಯಾವ ಪುಸ್ತಕ ಓದ್ಬೇಕು?” ಎಂದು ಯಾರಾದರೂ ಕೇಳಿದರೆ, “ಆಫೀಸಲ್ಲಿ ಕೇಳಿ, ಬರೆಸ್ಕೊಂಡು ಬನ್ನಿ” ಅನ್ನುತ್ತೇನೆ. ಈ ಮೇಷ್ಟ್ರಿಗೆ ತನ್ನ ಪಠ್ಯವೇ ಗೊತ್ತಿಲ್ಲ ಅಂತ ಹುಡುಗರು ನಗುತ್ತಾರೆ.

ಕಳೆದ ಬುಧವಾರ ಆ ಒಂದು ಗಂಟೆಯ ಮಾತು ಮುಗಿಯಿತು. ಅಕ್ಕನ ವಾರ್ಡನ್ ಆಸೆ ಹೇಳಿದೆ, ನಾಲ್ಕು ಸುತ್ತು ಹೇಳಿದೆ, ಖಾಲಿ ಸೊನ್ನೆ ಹೇಳಿದೆ, ಸ್ಟಾಪಿಗೊಂದು ಪ್ರಶ್ನೆ, ನಾಲ್ಕು ಗಂಟೆಗೆ ಸುರಿಯುವುದು, ಎಲೆ ಆರಿಸುವುದು. ಬೋಳಿಸಿ ಒಲೆಗೆ ಹಾಕುವುದನ್ನು ಹೇಳಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರಿಗೂ ಇಷ್ಟವಾಯಿತು.

ಎಲ್ಲರೂ ಏಳುತ್ತಿರುವಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. ಬಿಸಿಲೆ ಕಡೆಯಿಂದ ಬರುವವಳು, ದಿನಾ ಮೊದಲ ಪಿರಿಯಡ್ಡಿಗೆ ತಡ. ಇಡೀ ಗಂಟೆ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದದ್ದನ್ನು ನೋಡಿದ್ದೆ.

“ಸಾರ್, ಆ ಅಕ್ಕ ವಾರ್ಡನ್ ಆದ್ರಾ?”

ಹಾಲಿನಲ್ಲಿ ಅರವತ್ತು ಮಕ್ಕಳು. ಬಾಗಿಲ ಹತ್ತಿರ ಪ್ರಿನ್ಸಿಪಾಲರು.

“ಹೂಂ,” ಅಂದೆ. “ಆದ್ರು.”

ಆ ಹುಡುಗಿ ಕೂತು ಅದನ್ನೂ ಬರೆದುಕೊಂಡಳು.